ಕೆಲಸ ತಪ್ಪಿದವರ ವೈದ್ಯವೆಚ್ಚ



ಚಾಮರಾಜನಗರದ ತಾಲ್ಲೂಕಿನಲ್ಲಿ ಕುದೇರು ಎಂಬ ಗ್ರಾಮವೊಂದಿರುವುದು. ಇತಿಹಾಸವನ್ನು ಕುರಿತು ಮಾತನಾಡಲು ಕುಳಿತವನು ಕೋಟೆಯನ್ನೋ ಶಿಲಾಶಾಸನವನ್ನೋ ಬಿಟ್ಟು ಇಂಥ ಊರಿನಿಂದ ಏತಕ್ಕೆ ಆರಂಭಿಸಿದನೆಂದು ತಮಗೆ ತೋರಬಹುದು. ನಾನು ಹೇಳಬೇಕೆಂದಿರುವ ಕಥೆಯಲ್ಲಿ ದೊರೆಗಳ ಹೆಸರು ಕಡಮೆ. ಸಂಬಳದ ಚೀಟಿ, ವಿಮೆಯ ಕಾರ್ಡು, ಆಸ್ಪತ್ರೆಯ ಬಾಗಿಲು, ಇವೇ ಅದರ ಪಾತ್ರಗಳು. ಈ ಮೂರೂ ಒಂದೇ ಮನೆಯಲ್ಲಿ ಕೂಡಿ ಬರುವುದನ್ನು ನೋಡಬೇಕಾದರೆ ಪಟ್ಟಣಕ್ಕಿಂತ ಕುದೇರಿನಂಥ ಊರೇ ಮೇಲು.

ಅಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗನು ನಂಜನಗೂಡಿನ ಕಡೆಯ ಕಾರ್ಖಾನೆಯೊಂದಕ್ಕೆ ದಿನವೂ ಹೋಗಿ ಬರುವನು. ತಾಯಿಯು ಎರಡು ಹಸುಗಳನ್ನು ಕಟ್ಟಿಕೊಂಡು ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೊತ್ತು ಹೊತ್ತಿಗೆ ಹಾಲು ಅಳೆಯುವಳು; ಜಿಲ್ಲೆಯ ಹಾಲು ಒಕ್ಕೂಟದ ಡೇರಿಯಿರುವುದೂ ಕುದೇರಿನಲ್ಲಿಯೇ. ಒಂದು ದಿನ ಕಾರ್ಖಾನೆಯವರು ಮಗನಿಗೆ ‘ನಾಳೆಯಿಂದ ಬರುವುದು ಬೇಡ’ ಎನ್ನುವರು. ಆ ತಿಂಗಳೇ ಅವನ ತಂದೆಗೆ ಎದೆನೋವು ಕಾಣಿಸಿಕೊಳ್ಳುವುದು. ಸಂಬಳ ನಿಂತಿತೆಂಬುದು ಎಲ್ಲರಿಗೂ ತಿಳಿಯುವ ಮಾತು. ಸಂಬಳದೊಡನೆ ಬಂದಿದ್ದ ಚಿಕಿತ್ಸೆಯ ಹಕ್ಕು ಅದೇ ದಿನ ನಿಂತಿತೇ, ಇಲ್ಲವೇ? ನಿಂತಿದ್ದರೆ ಸರ್ಕಾರದ ಬೊಕ್ಕಸದಿಂದ ಏನಾದರೂ ದೊರೆಯುವುದೇ? ಈ ಪ್ರಶ್ನೆಗೆ ಒಂದು ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯುಂಟು.

ಮೈಸೂರು ಸಂಸ್ಥಾನದಲ್ಲಿ ಚಿಕಿತ್ಸೆಯು ಕೆಲಸಕ್ಕೆ ಗಂಟುಹಾಕಿದ ವಸ್ತುವಾಗಿರಲಿಲ್ಲ. ‘ಸರ್ಕಾರದ ವಿಮೆ’ ಎಂಬ ಮಾತು ಇಲ್ಲಿ ಬಹು ಹಳೆಯದು. 1891ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿಯೇ ಸರ್ಕಾರಿ ನೌಕರರಿಗಾಗಿ ವಿಮಾ ಇಲಾಖೆ ಏರ್ಪಟ್ಟಿತು. ಆದರೆ ಅದು ಜೀವವಿಮೆ. ನೌಕರನು ತೀರಿಕೊಂಡರೆ ಅವನ ಹೆಂಡತಿಮಕ್ಕಳಿಗೆ ಹಣ ಬರುವುದು. ಅವನು ಬದುಕಿದ್ದು ನರಳಿದರೆ ಅದರಿಂದ ಕಾಸೂ ಇಲ್ಲ. ರೋಗಕ್ಕೆ ಬೇರೆ ದಾರಿಯಿತ್ತು. ಅದು ಸರ್ಕಾರಿ ಆಸ್ಪತ್ರೆ. 1900ನೆಯ ಇಸವಿಯ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ನರು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದರು. 1920ರ ದಶಕದ ಕೊನೆಯ ಹೊತ್ತಿಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಹಳ್ಳಿಗಳ ಆರೋಗ್ಯವನ್ನು ನೋಡಿಕೊಳ್ಳುವ ಘಟಕವೂ ಬಂದಿತು. ಇಂಥ ಕಡೆಗಳಲ್ಲಿ ಬಂದವನನ್ನು ‘ನಿನ್ನ ಯಜಮಾನನಾರು, ಎಷ್ಟು ತಿಂಗಳು ವಂತಿಗೆ ಕಟ್ಟಿರುವೆ’ ಎಂದು ಕೇಳುವ ಕ್ರಮವಿರಲಿಲ್ಲ. ಆಸ್ಪತ್ರೆಗಳು ವಿರಳ, ಹಳ್ಳಿಯವನಿಗೆ ಅವು ದೂರ ಎಂಬುದು ನಿಜ. ಹಳೆಯದನ್ನೆಲ್ಲ ಹೊಗಳುವ ಉದ್ದೇಶ ನನ್ನದಲ್ಲ. ಆದರೆ ಇದ್ದಷ್ಟು ಚಿಕಿತ್ಸೆ ರೋಗವನ್ನು ನೋಡಿ ದೊರೆಯುತ್ತಿತ್ತು, ರೋಗಿಯ ಕೆಲಸವನ್ನು ನೋಡಿ ಅಲ್ಲ.

ಇದಕ್ಕೆ ಸಂಸ್ಥಾನದಲ್ಲಿಯೇ ಒಂದು ದೊಡ್ಡ ಅಪವಾದವಿತ್ತು. ಅದು ಕೋಲಾರದ ಚಿನ್ನದ ಗಣಿ. 1880ರಿಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲಿ ಬೆಳೆದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ತರಿಸಿಕೊಂಡ ಆ ಊರಿನಲ್ಲಿ ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಗಣಿಯವು. ಅಲ್ಲಿ ಚಿಕಿತ್ಸೆಯು ಕೆಲಸದ ನೆರಳಾಗಿತ್ತು. ಇದರ ಪರಿಣಾಮವೇನಾಯಿತೆಂಬುದಕ್ಕೆ ಮುಂದೆ ಬರುತ್ತೇನೆ.

ಚಿಕಿತ್ಸೆಯನ್ನು ಕೂಲಿಗೆ ಗಂಟುಹಾಕುವ ವಿಚಾರವು ನಮ್ಮಲ್ಲಿಗೆ ಬಂದುದು ಪಶ್ಚಿಮದಿಂದ. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕನು ಕಾರ್ಖಾನೆಯ ಕೆಲಸಗಾರರಿಗೆ ರೋಗವಿಮೆಯನ್ನು ಕಡ್ಡಾಯ ಮಾಡಿದನು; ವಂತಿಗೆಯಲ್ಲಿ ಮೂರರಲ್ಲಿ ಎರಡು ಪಾಲು ಕೆಲಸಗಾರನದು, ಒಂದು ಪಾಲು ಯಜಮಾನನದು. ಇಂಗ್ಲೆಂಡಿನಲ್ಲಿ ಲಾಯ್ಡ್ ಜಾರ್ಜರು 1911ರಲ್ಲಿ ಅದೇ ಮಾದರಿಯ ಶಾಸನವನ್ನು ತಂದರು. ಕೆಲಸಗಾರನು ವಾರಕ್ಕೆ ನಾಲ್ಕು ಪೆನ್ನಿ, ಯಜಮಾನನು ಮೂರು, ಸರ್ಕಾರವು ಎರಡು. ‘ನಾಲ್ಕು ಕೊಟ್ಟು ಒಂಬತ್ತು ಪಡೆಯಿರಿ’ ಎಂಬುದು ಆಗಿನ ಜಾಹೀರು. ಲೆಕ್ಕವು ಸೊಗಸಾಗಿಯೇ ಇತ್ತು. ಮೊದಲನೆಯ ಮಹಾಯುದ್ಧ ಮುಗಿದು, ಕಾರ್ಖಾನೆಗಳು ಲಕ್ಷಗಟ್ಟಲೆ ಜನರನ್ನು ಹೊರಗೆ ಹಾಕಿದಾಗ ಅದರ ಬಿರುಕು ಕಾಣಿಸಿತು. ಕೂಲಿಯಿಲ್ಲದವನಿಗೆ ವಂತಿಗೆಯಿಲ್ಲ, ವಂತಿಗೆಯಿಲ್ಲದವನ ಕಾರ್ಡಿನಲ್ಲಿ ಬಾಕಿ, ಬಾಕಿಯುಳ್ಳವನಿಗೆ ವೈದ್ಯನಿಲ್ಲ. ಕೆಲಸ ಹೋದ ಕಾಲದಲ್ಲಿಯೇ ಅನ್ನ ಕಡಮೆಯಾಗಿ ರೋಗ ಹೆಚ್ಚುವುದಷ್ಟೆ! ತತ್ಪ್ರಯುಕ್ತ 1921ರಲ್ಲಿ ಪಾರ್ಲಿಮೆಂಟು ನಿರುದ್ಯೋಗಿಗಳ ರೋಗವಿಮೆಯನ್ನು ಲಂಬಿಸುವುದಕ್ಕೆಂದೇ ಒಂದು ಪ್ರತ್ಯೇಕ ಶಾಸನವನ್ನು ಮಾಡಬೇಕಾಯಿತು. ಕೆಲಸ ತಪ್ಪಿದವನ ವಿಮೆಯನ್ನು ಸರ್ಕಾರವು ಹಿಡಿದು ನಿಲ್ಲಿಸಬೇಕೆಂಬ ಮಾತು ಶಾಸನದ ಭಾಷೆಯಲ್ಲಿ ಹೀಗೆ ಸ್ಪಷ್ಟವಾಗಿ ಬರೆಯಲ್ಪಟ್ಟಿತು.

ಇನ್ನು 1948ಕ್ಕೆ ಬರೋಣ. ನನ್ನ ಕಥೆಯ ನಡುಗಂಬ ಆ ವರ್ಷ. ಆ ವರ್ಷದ ಜುಲೈ 5ರಂದು ಇಂಗ್ಲೆಂಡು ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿ, ಚಿಕಿತ್ಸೆಯನ್ನು ವಂತಿಗೆಯ ಕಾರ್ಡಿನಿಂದ ಬಿಡಿಸಿಬಿಟ್ಟಿತು. ಅದಕ್ಕೆ ಸುಮಾರು ಎರಡೂವರೆ ತಿಂಗಳ ಕೆಳಗೆ, ಏಪ್ರಿಲ್ 19ರಂದು, ಸ್ವತಂತ್ರ ಭಾರತದ ಕಾರ್ಮಿಕ ರಾಜ್ಯ ವಿಮಾ ಶಾಸನಕ್ಕೆ ಅಂಗೀಕಾರ ದೊರೆತು, ಚಿಕಿತ್ಸೆಯು ವಂತಿಗೆಯ ಕಾರ್ಡಿಗೆ ಕಟ್ಟಲ್ಪಟ್ಟಿತು. ಒಬ್ಬರು ಗಂಟು ಬಿಚ್ಚಿದ ವರ್ಷವೇ ಇನ್ನೊಬ್ಬರು ಗಂಟು ಹಾಕಿದರು.

ನಮ್ಮವರಿಗೆ ಬೇರೆ ದಾರಿ ಕಾಣಿಸದೆ ಇರಲಿಲ್ಲ. 1943ರಲ್ಲಿ ಭಾರತ ಸರ್ಕಾರವು ಎರಡು ವಿಚಾರಣೆಗಳನ್ನು ಏರ್ಪಡಿಸಿತ್ತು. ಒಂದು, ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರದು, ಅವರು 1944ರಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿ ರೋಗವಿಮೆಯ ಯೋಜನೆಯನ್ನು ಒಪ್ಪಿಸಿದರು. ಇನ್ನೊಂದು, ಸರ್ ಜೋಸೆಫ್ ಭೋರ್ ಅವರ ಸಮಿತಿ. ಅದು 1946ರಲ್ಲಿ ವರದಿಯನ್ನು ಸಲ್ಲಿಸಿ, ಹಣ ಕೊಡಲಾರನೆಂಬ ಕಾರಣದಿಂದ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದು ಎಂಬುದನ್ನು ಮೂಲತತ್ತ್ವವಾಗಿ ಇಟ್ಟಿತು. ಭೋರ್ ಅವರ ದಾರಿಗೆ ಹಣ ಬಹಳ ಬೇಕಾಗಿತ್ತು. ಅಡಾರ್ಕರ್ ಅವರ ದಾರಿಗೆ ಕೂಲಿಯಿಂದಲೇ ಹಣ ಹುಟ್ಟುತ್ತಿತ್ತು. ಬಡ ಸರ್ಕಾರವು ಯಾವುದನ್ನು ಮೊದಲು ಹಿಡಿಯಿತೆಂದು ಹೇಳಬೇಕಾಗಿಲ್ಲ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಜವಹರಲಾಲ್ ನೆಹರೂ ಅವರಿಂದ ಯೋಜನೆಯ ಆರಂಭವಾಯಿತು. ದೆಹಲಿಯಲ್ಲಿಯೂ ಅದೇ ದಿನ. ನಮ್ಮ ರಾಜ್ಯಕ್ಕೆ, ಎಂದರೆ ಬೆಂಗಳೂರಿಗೆ, ಅದು ಬಂದುದು 1958ರ ಜುಲೈ ತಿಂಗಳಲ್ಲಿ. ಯೋಜನೆಯು ಊರಿಂದೂರಿಗೆ, ಸರ್ಕಾರದ ಪ್ರಕಟಣೆ ಹೊರಟ ಕ್ಷೇತ್ರಗಳಿಗೆ ಮಾತ್ರ ಹರಡಿತು. ಆದ್ದರಿಂದ ಕಾರ್ಖಾನೆಯಿರುವ ಪಟ್ಟಣದಲ್ಲಿ ದವಾಖಾನೆ, ಕೆಲಸಗಾರನ ಹೆಂಡತಿಮಕ್ಕಳಿರುವ ಹಳ್ಳಿಯಲ್ಲಿ ಶೂನ್ಯ, ಎಂಬುದು ಬಹುಕಾಲದ ಸ್ಥಿತಿಯಾಯಿತು. ಮೊದಲಲ್ಲಿ ಕುಟುಂಬಕ್ಕೆ ಚಿಕಿತ್ಸೆಯ ಹಕ್ಕೂ ಇರಲಿಲ್ಲ, ಅನಂತರ ಸೇರಿತು. ವೈದ್ಯವೆಚ್ಚದಲ್ಲಿ ಎಂಟರಲ್ಲಿ ಒಂದು ಪಾಲನ್ನು ರಾಜ್ಯ ಸರ್ಕಾರಗಳು ಹೊರುವುದೆಂದೂ ಉಳಿದುದನ್ನು ವಿಮಾ ನಿಗಮವು ಹೊರುವುದೆಂದೂ ನಡೆದುಬಂದಿತು.

ಹೀಗೆ ಗಂಟು ಹಾಕಿದವರು ಅದೇ ಗಂಟಿನಲ್ಲಿ ಸ್ವಲ್ಪ ಸಡಿಲವನ್ನೂ ಬಿಟ್ಟಿದ್ದರೆಂಬುದು ಬಹು ಜನಕ್ಕೆ ತಿಳಿಯದು. ಇದನ್ನು ಕೊಂಚ ನಿಧಾನವಾಗಿ ಹೇಳಬೇಕು. ಲೆಕ್ಕಪತ್ರದ ಮಾತಾದರೂ ಇದರಲ್ಲಿ ಒಂದು ಮನೆಯ ಪ್ರಾಣವೇ ಇರಬಹುದು.

ಈ ಯೋಜನೆಯಲ್ಲಿ ವರ್ಷವನ್ನು ಎರಡು ವಂತಿಗೆಯ ಕಾಲಗಳಾಗಿ ಭಾಗಿಸಿದರು. ಏಪ್ರಿಲ್ ಮೊದಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು, ಅಕ್ಟೋಬರ್ ಮೊದಲಿನಿಂದ ಮಾರ್ಚ್ ಕೊನೆಯವರೆಗೆ ಇನ್ನೊಂದು. ಆದರೆ ವಂತಿಗೆ ಕಟ್ಟಿದ ಕಾಲದಲ್ಲಿಯೇ ಅದರ ಫಲವೆಲ್ಲ ತೀರುವುದಿಲ್ಲ. ಏಪ್ರಿಲ್–ಸೆಪ್ಟೆಂಬರಿನ ವಂತಿಗೆಗೆ ಫಲದ ಕಾಲವು ಮುಂದಿನ ಜನವರಿಯಿಂದ ಜೂನ್ ಕೊನೆಯವರೆಗೆ. ಅಕ್ಟೋಬರ್–ಮಾರ್ಚಿನದಕ್ಕೆ ಮುಂದಿನ ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ. ವಂತಿಗೆಯ ಕಾಲದಲ್ಲಿ 78 ದಿನಗಳಿಗೆ ವಂತಿಗೆ ಸಂದಿದ್ದರೆ, ಫಲದ ಕಾಲದಲ್ಲಿ ರೋಗ ಬಂದಾಗ ಕೂಲಿಯ ನೂರಕ್ಕೆ 70 ಪಾಲು, ವರ್ಷಕ್ಕೆ 91 ದಿನಗಳ ಮಿತಿಗೆ ಒಳಪಟ್ಟು ದೊರೆಯುವುದು. ಚಿಕಿತ್ಸೆಯ ಹಕ್ಕೂ ಅದರೊಡನೆ ನಿಲ್ಲುವುದು. ಈಗ ನಮ್ಮ ಕುದೇರಿನ ಮಗನನ್ನು ನೆನೆಯಿರಿ. ಅವನು ಏಪ್ರಿಲಿನಿಂದ ಕೆಲಸ ಮಾಡಿ ಸೆಪ್ಟೆಂಬರಿನ ಕೊನೆಯ ದಿನ ಕೆಲಸವನ್ನು ಕಳೆದುಕೊಂಡನೆಂದರೆ, ಅವನ ಹಕ್ಕು ಅಂದೇ ಸಾಯುವುದಿಲ್ಲ; ಮುಂದಿನ ಜೂನ್ ಕೊನೆಯವರೆಗೆ, ಒಂಬತ್ತು ತಿಂಗಳು, ಅದಕ್ಕೆ ಉಸಿರಿರುವುದು. ಶಾಸನವನ್ನು ಬರೆದವರು ಇದನ್ನು ನಿರುದ್ಯೋಗಿಯ ಮೇಲಿನ ಕನಿಕರದಿಂದ ಮಾಡಿದರೋ, ಲೆಕ್ಕ ಮುಗಿಸಲು ಗುಮಾಸ್ತೆಯರಿಗೆ ಮೂರು ತಿಂಗಳ ಬಿಡುವು ಬೇಕೆಂದು ಮಾಡಿದರೋ, ಫಲ ಮಾತ್ರ ಒಂದೇ. 2019ರ ಜುಲೈಯಿಂದ ವಂತಿಗೆಯು ಕೆಲಸಗಾರನಿಗೆ ಕೂಲಿಯ ನೂರಕ್ಕೆ 0.75, ಯಜಮಾನನಿಗೆ 3.25 ಎಂದು ಇಳಿಯಿತು. 12,000 ರೂಪಾಯಿನ ಸಂಬಳಕ್ಕೆ ಕ್ರಮವಾಗಿ 90 ರೂಪಾಯಿ, 390 ರೂಪಾಯಿ. ಇಷ್ಟು ಅಲ್ಪ ಹಣಕ್ಕೆ ಕೊಂಡ ಒಂಬತ್ತು ತಿಂಗಳ ನೆರಳನ್ನು, ಕೆಲಸ ಹೋದೊಡನೆ ಕಾರ್ಡೂ ಹೋಯಿತೆಂದು ನಂಬಿ, ಬಿಸಿಲಿನಲ್ಲಿ ನಿಂತು ಕಳೆದವರು ಎಷ್ಟೋ ಜನ ಇರಬೇಕು.

ಇಂಥ ಸಡಿಲವೇ ಇಲ್ಲದ ಕಡೆ ಏನಾಗುವುದೆಂಬುದಕ್ಕೆ ಕೋಲಾರದ ಗಣಿಯೇ ಸಾಕ್ಷಿ. ಗಣಿಗಳು 1948ರ ಶಾಸನದ ಹೊರಗಿದ್ದವು; ಅವಕ್ಕೆ ತಮ್ಮದೇ ಆಸ್ಪತ್ರೆಯಿತ್ತಷ್ಟೆ. 1956ರಲ್ಲಿ ಗಣಿಯು ಮೈಸೂರು ಸರ್ಕಾರದ ಕೈಗೆ ಬಂದು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. 2001ರ ಫೆಬ್ರವರಿ 28ರಂದು ಅದನ್ನು ಮುಚ್ಚಿದರು. ಸಾವಿರಾರು ಜನರಿಗೆ ಕೆಲಸವು ತಪ್ಪಿತು. ಕೆಲಸದ ನೆರಳಾಗಿದ್ದ ಆಸ್ಪತ್ರೆಯೂ ಅದರೊಡನೆ ನಿಂತಿತು. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗವಾದರೋ ಗಣಿಯೊಡನೆ ಮುಚ್ಚುವಂಥದಲ್ಲ. ಅದು ವರ್ಷಗಳ ಮೇಲೆ ತಲೆದೋರಬಹುದು; ಕೆಲಸಗಾರನು ಕೆಲಸಗಾರನಾಗಿ ಉಳಿಯದ ಕಾಲದಲ್ಲಿ ಕೆಲಸದ ರೋಗವು ಅವನನ್ನು ಹುಡುಕಿಕೊಂಡು ಬರುವುದು. ಬಂದ ದಿನ ಅವನು ಯಾರ ವಿಮಾದಾರನು? ಗಣಿಯ ಲೆಕ್ಕದಲ್ಲಿ ಅವನು ಯಾರೂ ಅಲ್ಲ.

ಗಣಿ ಮುಚ್ಚಿದ ನಾಲ್ಕು ವರ್ಷಗಳ ಮೇಲೆ, 2005ರ ಏಪ್ರಿಲ್ 1ರಿಂದ, ಕಾರ್ಮಿಕ ರಾಜ್ಯ ವಿಮಾ ನಿಗಮದವರು ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನು ತಂದರು. ಕೆಲಸ ತಪ್ಪಿದವನಿಗೆ ಇಲ್ಲಿ ಮೊದಲ ಬಾರಿಗೆ ನೇರವಾದ ಮಾತು ದೊರೆಯಿತು. ಐದು ವರ್ಷ ವಂತಿಗೆ ಸಂದಿದ್ದವನಿಗೆ ಆರು ತಿಂಗಳವರೆಗೆ ಕೂಲಿಯ ಅರ್ಧಭಾಗ, ಆ ಕಾಲವೆಲ್ಲ ಅವನಿಗೂ ಕುಟುಂಬಕ್ಕೂ ಚಿಕಿತ್ಸೆ. ಮುಂದೆ ವಂತಿಗೆಯ ವರ್ಷಗಳನ್ನು ಇಳಿಸಿದರು. ಭತ್ಯದ ಕಾಲವನ್ನು ಹನ್ನೆರಡು ತಿಂಗಳಿಗೂ, ಮತ್ತೆ ಇಪ್ಪತ್ತನಾಲ್ಕು ತಿಂಗಳಿಗೂ ಏರಿಸಿದರು. ಆದರೆ ಬಾಗಿಲ ಮೇಲೆ ಒಂದು ಷರತ್ತು ಬರೆದಿತ್ತು. ಕಾರ್ಖಾನೆಯು ಮುಚ್ಚಿರಬೇಕು; ಇಲ್ಲವೇ ಕಾನೂನಿನ ಅರ್ಥದಲ್ಲಿ ಕೆಲಸಗಾರನನ್ನು ಕಡಿತಗೊಳಿಸಿರಬೇಕು; ಇಲ್ಲವೇ ಕೆಲಸಕ್ಕೆ ಸಂಬಂಧಪಡದ ಅಪಘಾತದಿಂದ ಅವನಿಗೆ ನೂರಕ್ಕೆ 40ಕ್ಕೆ ಕಡಮೆಯಿಲ್ಲದ ಶಾಶ್ವತವಾದ ಅಂಗವೈಕಲ್ಯ ಉಂಟಾಗಿರಬೇಕು. ನನ್ನ ಅಭಿಪ್ರಾಯದಲ್ಲಿ ಈ ಇಡೀ ಚರಿತ್ರೆಯ ಗುಟ್ಟು ಈ ಷರತ್ತಿನಲ್ಲಿದೆ. ಸರ್ಕಾರಕ್ಕೆ ಹಣವೆಷ್ಟಿದೆ ಎಂಬುದಕ್ಕಿಂತ, ‘ಕೆಲಸ ತಪ್ಪಿತು’ ಎಂಬ ಮಾತಿನ ಅರ್ಥವೇನು, ಅದಕ್ಕೆ ರುಜು ಹಾಕುವವರಾರು ಎಂಬುದೇ ನಿರ್ಣಾಯಕವಾಯಿತು. ಗುತ್ತಿಗೆದಾರನ ಕೈಕೆಳಗಿನವನನ್ನು ಯಾರೂ ‘ಕಡಿತ’ ಮಾಡುವುದಿಲ್ಲ. ಗುತ್ತಿಗೆ ಮುಗಿಯುವುದು, ಅಷ್ಟೆ. ಬಾಕಿ ಸಂಬಳ ಬೇಗ ಕೈಸೇರಲೆಂದು ರಾಜೀನಾಮೆಗೆ ರುಜು ಹಾಕಿದ ಹೆಂಗಸು ಕಾಗದದ ಮೇಲೆ ತಾನಾಗಿ ಕೆಲಸ ಬಿಟ್ಟವಳು. ಅವಳ ಹಸಿವು ನಿಜ, ಅವಳ ನಿರುದ್ಯೋಗವು ಮಾತ್ರ ಸುಳ್ಳು!

2018ರ ಜುಲೈಯಿಂದ ಪ್ರಯೋಗವಾಗಿ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯು ಈ ಬಾಗಿಲನ್ನು ಕೊಂಚ ಅಗಲ ಮಾಡಿತು. ಕೂಲಿಯ ನೂರಕ್ಕೆ 25 ಪಾಲು, 90 ದಿನಗಳವರೆಗೆ, ಜೀವಮಾನಕ್ಕೊಮ್ಮೆ. ಕೊಡುಗೆ ಚಿಕ್ಕದು, ದಾರಿ ಅಗಲ. ತಾನಾಗಿ ನಿವೃತ್ತನಾದವನಿಗೂ ದುರ್ನಡತೆಯ ಕಾರಣದಿಂದ ಹೋದವನಿಗೂ ಇದು ಸಲ್ಲದು. ಎರಡು ವರ್ಷಗಳೊಳಗೆ 2020ರ ಪಿಡುಗು ಬಂದು, ಮಾರ್ಚಿಯ ಕೊನೆಗೆ ದೇಶದ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದವು. ಆ ವರ್ಷದ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಉಡುಪಿನ ಕಾರ್ಖಾನೆಯೊಂದರಿಂದ ಸಾವಿರಕ್ಕೂ ಮಿಕ್ಕಿ ಕೆಲಸಗಾರರು, ಬಹುಮಟ್ಟಿಗೆ ಹೆಂಗಸರು, ಹೊರಗೆ ಬಿದ್ದರು. ಬಾಗಿಲ ಮುಂದೆ ವಾರಗಟ್ಟಲೆ ಕುಳಿತರು. ನಿಗಮದವರು ಆಗ ನೂರಕ್ಕೆ 25 ಇದ್ದುದನ್ನು 50 ಮಾಡಿ, 90 ದಿನ ಕಾಯಬೇಕಾಗಿದ್ದುದನ್ನು 30ಕ್ಕೆ ಇಳಿಸಿ, ಯಜಮಾನನ ಕೈಯಿಂದ ಹೋಗಬೇಕಾಗಿದ್ದ ಅರ್ಜಿಯನ್ನು ಕೆಲಸಗಾರನೇ ನೇರವಾಗಿ ಸಲ್ಲಿಸಬಹುದೆಂದರು. ಈ ಕೊನೆಯದೇ ನನಗೆ ಹಣಕ್ಕಿಂತ ಹೆಚ್ಚಿನದಾಗಿ ಕಾಣುವುದು. ಕೆಲಸದಿಂದ ತೆಗೆದವನ ಬಳಿಗೇ ಹೋಗಿ ‘ನೀನು ನನ್ನನ್ನು ತೆಗೆದೆ ಎಂದು ಬರೆದುಕೊಡು’ ಎಂದು ಬೇಡುವ ಅವಮಾನ ತಪ್ಪಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು, 1948ರ ಶಾಸನವು ತನ್ನ ಹೆಸರನ್ನು ಕಳೆದುಕೊಂಡು ಅದರೊಳಗೆ ಅಡಕವಾಗಿದೆ.

ತಮ್ಮಲ್ಲಿ ಅನೇಕರು ಈವರೆಗೆ ಇದೆಲ್ಲ ಕೂಲಿಕಾರರ ಮಾತೆಂದು ಕೇಳುತ್ತಿದ್ದಿರಬಹುದು. ತಿಂಗಳಿಗೆ 21,000 ರೂಪಾಯಿಗೆ ಮೇಲ್ಪಟ್ಟ ಸಂಬಳದವರು 2017ರ ಮಿತಿಯಂತೆ ಆ ಯೋಜನೆಯ ಹೊರಗಿನವರು. ಅವರಿಗೆ ಕಂಪನಿಯು ಕೊಂಡ ಸಾಮೂಹಿಕ ವಿಮೆಯ ಆಶ್ರಯ. ಅದರಲ್ಲಿ 1948ರವರು ಬಿಟ್ಟ ಸಡಿಲವೂ ಇಲ್ಲ. ಬೆಂಗಳೂರಿನ ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವವನ ವಿಮೆಯು ಸಾಮಾನ್ಯವಾಗಿ ಕೆಲಸದ ಕೊನೆಯ ದಿನದೊಡನೆಯೇ ಮುಗಿಯುವುದು. ಈ ಒಂದು ವಿಷಯದಲ್ಲಿ ಅವನು ನಂಜನಗೂಡಿನ ಕೂಲಿಕಾರನಿಗಿಂತ ಬಡವನು. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ವರ್ಗವಾಗಲು ನಿಯಂತ್ರಣ ಪ್ರಾಧಿಕಾರದ ಕಟ್ಟಳೆಗಳು ಅವಕಾಶ ಕೊಟ್ಟಿವೆ, ಕಂತನ್ನು ಮಾತ್ರ ತಾನೇ ಕಟ್ಟಬೇಕು. ಕಂತಿನ ಮೇಲೆ ವರಮಾನ ತೆರಿಗೆಯ ರಿಯಾಯಿತಿಯುಂಟೆಂದು ಹೇಳುವರು. ವರಮಾನವೇ ಇಲ್ಲದವನಿಗೆ ವರಮಾನ ತೆರಿಗೆಯ ರಿಯಾಯಿತಿಯು ಬೋಳುತಲೆಗೆ ಬಾಚಣಿಗೆ ಕೊಟ್ಟಂತೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ವಿಮೆಯ ಮೇಲಣ ನೂರಕ್ಕೆ 18ರ ಸರಕು ಸೇವಾ ತೆರಿಗೆಯನ್ನು ತೆಗೆದುಹಾಕಿದುದು ಅದಕ್ಕಿಂತ ಹೆಚ್ಚಿನ ಉಪಕಾರ. ಕೆಲಸವಿಲ್ಲದವನಿಗೂ ಅದು ಮುಟ್ಟುವುದು.

ಕಂತನ್ನೇ ಸರ್ಕಾರ ಕಟ್ಟಿದ ದೇಶವೊಂದಿದೆ. ನಮ್ಮ ಕನ್ನಡಿಗರು ಎಷ್ಟೋ ಜನ ಸಂಸಾರ ಹೂಡಿರುವ ಅಮೆರಿಕ. ಅಲ್ಲಿ 1986ರ ಏಪ್ರಿಲಿನಲ್ಲಿ ಸಹಿಯಾದ ಶಾಸನವೊಂದರ ಉದ್ದವಾದ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ‘ಕೋಬ್ರಾ’ ಎಂದಾಗುವುದು. ನಾಗರಹಾವಿನ ಹೆಸರಿನ ಈ ಶಾಸನವು ಕೆಲಸ ತಪ್ಪಿದವನಿಗೆ ಹದಿನೆಂಟು ತಿಂಗಳು ಹಳೆಯ ವಿಮೆಯಲ್ಲಿಯೇ ಇರುವ ಹಕ್ಕನ್ನು ಕೊಡುವುದು, ಯಜಮಾನನ ಪಾಲನ್ನೂ ಸೇರಿಸಿ ನೂರಕ್ಕೆ 102ರವರೆಗೆ ಕಂತನ್ನು ಅವನೇ ತೆತ್ತರೆ. ಸಂಬಳವಿದ್ದಾಗ ಒಂದು ಪಾಲು ಕಟ್ಟುತ್ತಿದ್ದವನು ಸಂಬಳವಿಲ್ಲದಾಗ ಪೂರ್ತಿ ಕಟ್ಟಬೇಕಂತೆ! ಈ ವಿಷವನ್ನು ಇಳಿಸಲು 2009ರ ಆರ್ಥಿಕ ಕುಸಿತದಲ್ಲಿ ಅಲ್ಲಿನ ಸರ್ಕಾರವು ಕಂತಿನ ನೂರಕ್ಕೆ 65 ಪಾಲನ್ನು, ಮೊದಲು ಒಂಬತ್ತು ತಿಂಗಳು, ಅನಂತರ ಹದಿನೈದು ತಿಂಗಳವರೆಗೆ, ತಾನು ಹೊತ್ತಿತು. 2021ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಪೂರ್ತಿ ನೂರನ್ನೂ ಹೊತ್ತಿತು. ಅಲ್ಲಿಯೂ ತಾನಾಗಿ ಕೆಲಸ ಬಿಟ್ಟವನಿಗೆ ಇಲ್ಲ, ತೆಗೆಯಲ್ಪಟ್ಟಿರಬೇಕು. ಸಮುದ್ರದಾಚೆಗೂ ಅದೇ ಷರತ್ತು, ಅದೇ ಕಾಗದ. ತಾತ್ಕಾಲಿಕ ಕೆಲಸದ ವೀಸಾದ ಮೇಲಿರುವ ನಮ್ಮವರಿಗಾದರೋ ಕೆಲಸ ತಪ್ಪಿದ ಮೇಲೆ ಅಲ್ಲಿ ನಿಲ್ಲಲು ಸಾಮಾನ್ಯವಾಗಿ 60 ದಿನಗಳು ಮಾತ್ರ. ಹದಿನೆಂಟು ತಿಂಗಳ ಹಕ್ಕನ್ನು ಅರುವತ್ತು ದಿನಗಳಲ್ಲಿ ಅನುಭವಿಸುವುದು ಹೇಗೆ?

ಕುದೇರಿನ ತಾಯಿಯನ್ನು ಬಹಳ ಹೊತ್ತು ಕಾಯಿಸಿದೆವು. ಮಗನ ಹಕ್ಕು ಕೂಲಿಯಿಂದ ಹುಟ್ಟಿದುದು, ಅವಳದು ಹಾಲಿನಿಂದ. 2003ರ ಜೂನ್ 1ರಿಂದ ಕರ್ನಾಟಕದಲ್ಲಿ ಸಹಕಾರ ಸಂಘಗಳ ಸದಸ್ಯರಾದ ರೈತರಿಗೆಂದು ಯಶಸ್ವಿನಿ ಯೋಜನೆ ನಡೆಯತೊಡಗಿತು. ಹೃದಯರೋಗತಜ್ಞ ಡಾ. ದೇವಿ ಶೆಟ್ಟಿ ಅವರ ಆಲೋಚನೆಗೆ ಸರ್ಕಾರದ ಸಹಕಾರ ಇಲಾಖೆಯು ಕೈಗೂಡಿಸಿತು. ವರ್ಷಕ್ಕೆ ತಲೆಗೆ 60 ರೂಪಾಯಿ ಸದಸ್ಯನದು. 30 ರೂಪಾಯಿ ಸರ್ಕಾರದ್ದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಜ್ವರ ಕೆಮ್ಮುಗಳಿಗೆ ಅದು ಒದಗುತ್ತಿರಲಿಲ್ಲ, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲಿ ಯಜಮಾನನಿಲ್ಲ. ಹಸುವು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಅದು ಬತ್ತಿದರೂ ಸಂಘದ ಪುಸ್ತಕದಲ್ಲಿ ಹೆಸರು ಬತ್ತದು. ಮಗನು ಕೆಲಸ ಕಳೆದುಕೊಂಡು ಮನೆಗೆ ಬಂದಾಗ ಇಡೀ ಕುಟುಂಬವು ತಾಯಿಯ ಹೆಸರಿನ ಕೆಳಗೆ ನಿಲ್ಲಬಹುದಾಗಿತ್ತು.

ಹಸು ತೆಗೆಯದಿದ್ದರೂ ಸರ್ಕಾರ ತೆಗೆಯಿತು. 2018ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಪ್ರಾರಂಭವಾಗಿ, ಯಶಸ್ವಿನಿಯು ಅದರಲ್ಲಿ ಲೀನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಹೊಸ ಯೋಜನೆಯು ಒಂದು ರೀತಿಯಲ್ಲಿ ಸಂಸ್ಥಾನದ ಕಾಲದ ತತ್ತ್ವಕ್ಕೆ ಹಿಂದಿರುಗಿದುದು. ಕಂತೂ ಇಲ್ಲ, ಯಜಮಾನನೂ ಇಲ್ಲ. ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ರೇಖೆಯ ಮೇಲಿನವರಿಗೆ ನಿಗದಿಯಾದ ವೆಚ್ಚದ ನೂರಕ್ಕೆ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಇಲ್ಲಿ ಪ್ರಶ್ನೆಯು ಸಂಬಳದ ಚೀಟಿಯಿಂದ ಪಡಿತರದ ಚೀಟಿಗೆ ವರ್ಗವಾಯಿತು. ಮಗನಿಗೆ ಕಾರ್ಖಾನೆಯ ಕೆಲಸ ಸಿಕ್ಕ ಕಾಲದಲ್ಲಿ ಮನೆಯವರು ರೇಖೆಯ ಮೇಲಕ್ಕೆ ಏರಿದ್ದರೆನ್ನಿ. ಕೆಲಸ ಹೋದ ದಿನ ಅವರು ಕೆಳಕ್ಕೆ ಇಳಿದುದನ್ನು ಕಾರ್ಡು ತಿಳಿಯದು. ಕಾರ್ಡಿನ ದರ್ಜೆ ಬದಲಾಗಲು ಅರ್ಜಿ, ವಿಚಾರಣೆ, ತಿಂಗಳುಗಳು. ಅಂಥ ಮಧ್ಯದ ಮನೆಗಳಿಗೆ ಯಶಸ್ವಿನಿಯ ಅಭಾವವು ನಾಲ್ಕು ವರ್ಷ ಕಾಡಿತು. 2022ರ ನವೆಂಬರಿನಲ್ಲಿ ಮರಳಿ ನೋಂದಣಿ ತೆರೆದು, 2023ರ ಜನವರಿಯಿಂದ ಚಿಕಿತ್ಸೆ ಆರಂಭವಾಯಿತು. ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪರಿಶಿಷ್ಟ ಜಾತಿ ಪಂಗಡಗಳ ಸದಸ್ಯರ ಕಂತನ್ನು ಸರ್ಕಾರವೇ ಕಟ್ಟುವುದೆಂದಾಯಿತು. ತಮ್ಮ ಹಳೆಯ ಕಾರ್ಡನ್ನು ಇಟ್ಟುಕೊಂಡಿದ್ದವರೂ ಹೊಸದಾಗಿಯೇ ಹೆಸರು ಬರೆಯಿಸಬೇಕಾಯಿತು.

ಜಿಲ್ಲೆಯಲ್ಲಿ ಆಸ್ಪತ್ರೆಯೂ ಈಚೆಗೆ ಬೆಳೆದಿದೆ. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ವಿದ್ಯಾಲಯ ತೆರೆಯಿತು. 2021ರ ಅಕ್ಟೋಬರ್ 7ರಂದು ಅದರ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಹಿಂದೆ ಎದೆನೋವೆಂದರೆ ಮೈಸೂರಿನ ದಾರಿಯನ್ನೇ ನೋಡುತ್ತಿದ್ದ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ.

ಆದುದರಿಂದ ನಾವು ಊಹಿಸಿಕೊಂಡ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಈಗ ಮೂರು ಕಾಗದಗಳಿರುವುವು. ಒಂದು, ಮಗನ ಕಾರ್ಖಾನೆಯ ವಿಮೆಯ ಕಾರ್ಡು. ಅದಕ್ಕೆ ಇನ್ನು ಎಷ್ಟು ತಿಂಗಳ ಉಸಿರಿದೆಯೆಂಬುದನ್ನು ಅವನು ಕೆಲಸ ಬಿಟ್ಟ ತಾರೀಖಿನಿಂದ ಎಣಿಸಬೇಕು. ಇನ್ನೊಂದು, ತಾಯಿಯ ಸಂಘದ ಕಾರ್ಡು. ಅದಕ್ಕೆ ಈ ವರ್ಷದ ಕಂತು ಸಂದಿದೆಯೇ ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಬೇಕು. ಮೂರನೆಯದು ಪಡಿತರ ಚೀಟಿ. ತಂದೆಯನ್ನು ಬಾಡಿಗೆಯ ಕಾರಿನಲ್ಲಿ ಕೂರಿಸಿಕೊಂಡು ಹೊರಡುವ ಹೊತ್ತಿನಲ್ಲಿ ತಾಯಿಯು ಯಾವುದನ್ನೂ ಆರಿಸುವ ಗೋಜಿಗೆ ಹೋಗದೆ ಮೂರನ್ನೂ ಸೆರಗಿನ ತುದಿಗೆ ಕಟ್ಟಿಕೊಳ್ಳುವಳು.